ಮಿಕ್ಸ್ಚರಿಗೆ ನೀರು ಬೆರೆಸಿದವರು ಯಾರು?

ಕಳೆದ ಮಂಗಳವಾರ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಡಿಸ್ಪೆನ್ಸರಿಯ ಕಾಂಪೌಂಡರನ್ನು ಏಳೆಂಟು ಜನರ ಎದುರಿಗೆ ಕಳ್ಳ ಎಂದು ಕರೆದೆ. ಔಷಧಕ್ಕೆ ನೀರು ಬೆರೆಸುವ ಕಳ್ಳ. ಅದೇ ದಿನ ಮಧ್ಯಾಹ್ನ ನೀರು ಬೆರೆಸಿದವರು ಸಿಕ್ಕಿಬಿದ್ದರು. ಎಲ್ಲಿ ಅಂತೀರಿ? ನನ್ನದೇ ಅಡುಗೆಮನೆಯಲ್ಲಿ.

ಎಂಟು ದಿನವಾಯಿತು. ಆ ಆಘಾತ ಇನ್ನೂ ಇಳಿದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನನಗೆ ಮೂಲವ್ಯಾಧಿ. (ಬರೆದೇಬಿಟ್ಟೆ. ಸಂಪಾದಕರು ಹೊಡೆದುಹಾಕದಿದ್ದರೆ ನೀವೂ ಓದುತ್ತೀರಿ.) ‘ಮೈ ಸರಿಯಿಲ್ಲ’ ಎಂದು ನೆಪ ಹೇಳಿ ಆಗಾಗ ಒಂದೆರಡು ವಾರ ಅಂಕಣ ತಪ್ಪಿಸುತ್ತಿದ್ದೆನಲ್ಲ, ಅದು ಇದೇ. ಮೂರು ವರ್ಷದಿಂದ ತಿಂದದ್ದು ಅರಗುವುದಿಲ್ಲ, ಅರಗಿದ್ದು ಇಳಿಯುವುದಿಲ್ಲ, ಇಳಿದರೆ ರಕ್ತ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ದಿನವಿಡೀ ಮರದ ಕುರ್ಚಿಯೇ ಗತಿ. ಮನೆಯಿಂದ ಒಂದು ಹತ್ತಿಯ ದಿಂಬು ಒಯ್ದು ಹಾಕಿಕೊಂಡೆ. ಕಚೇರಿಯವರು ಅದಕ್ಕೆ ‘ಸಿಂಹಾಸನ’ ಎಂದು ಹೆಸರಿಟ್ಟರು.

ಈ ರೋಗ ಬಂತೆಂದರೆ ಕಂಡವರೆಲ್ಲ ವೈದ್ಯರೇ. ಅರಕಲಗೂಡಿನ ನನ್ನ ಷಡ್ಡಕ ಒಂದು ಮೂಟೆ ಸುವರ್ಣಗೆಡ್ಡೆ ತಂದು ಹಾಕಿದ. ತಿಂಗಳಿಡೀ ಅದರದೇ ಹುಳಿ, ಅದರದೇ ಪಲ್ಯ. ಗಂಟಲು ತುರಿಸಿತೇ ಹೊರತು ಬೇರೆ ಕಡೆ ಗುಣ ಕಾಣಲಿಲ್ಲ. ಚನ್ನರಾಯಪಟ್ಟಣದ ಹಿರಿಯರೊಬ್ಬರು ಬೆರಳಿಗೆ ಲೋಹದ ಉಂಗುರ ಹಾಕಿಸಿದರು. ರೋಗ ಎಲ್ಲಿ, ಬೆರಳು ಎಲ್ಲಿ?

ಕೊನೆಗೆ ಮಾನ ಬಿಟ್ಟು ಡಿಸ್ಪೆನ್ಸರಿಗೆ ಹೋದೆ. ಡಾಕ್ಟರು ಬೈದರು. ಸೊಪ್ಪು ತಿನ್ನಿ, ಖಾರ ಬಿಡಿ, ನೀರು ಕುಡಿಯಿರಿ ಎಂದು ಹೇಳಿ ಒಂದು ಮಿಕ್ಸ್ಚರು ಬರೆದರು. ಹಾಲಿನ ಹಾಗೆ ಬೆಳ್ಳಗೆ, ಮಂದವಾಗಿ ಇತ್ತು. ಸೀಸೆ ನಮ್ಮದೇ. ಕಾಂಪೌಂಡರು ಅದರ ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿಕೊಟ್ಟ. ಹೊತ್ತಿಗೆ ಒಂದು ಹಲ್ಲು, ದಿನಕ್ಕೆ ಎರಡು ಹೊತ್ತು.

ಮನೆಯಲ್ಲಿ ನನ್ನ ಪಥ್ಯ ಶುರುವಾಯಿತು. ನನ್ನ ಹೆಂಡತಿ ಜಯಮ್ಮ ನನಗೆಂದೇ ಖಾರವಿಲ್ಲದ ಸೊಪ್ಪಿನ ಸಾರು ಬೇರೆ ಕುದಿಸುತ್ತಿದ್ದಳು. ನಾನು ದಿಂಬಿನ ಮೇಲೆ ಕೂತು ಉಣ್ಣುವೆ, ಅವಳು ನಿಂತು ಬಡಿಸುವಳು. ಅವಳು ಕೂರುವ ಪೈಕಿಯೇ ಅಲ್ಲ. ನೆಂಟರ ಮದುವೆಗೆ ಹೋದರೂ ಸೆರಗು ಸಿಕ್ಕಿಸಿಕೊಂಡು ಬಡಿಸುವುದಕ್ಕೆ ನಿಲ್ಲುತ್ತಾಳೆ. ಮನೆಗೆ ಬಂದವರ ಮುಂದೆಲ್ಲ ನಮ್ಮವ್ವನದು ಇದೇ ಮಾತು: “ನಮ್ ಸೊಸೆ ಕುಂತದ್ನ ನಾ ಕಂಡೇ ಇಲ್ಲ ಕಣವ್ವ.” ಕೇಳಿ ನನಗೂ ಹೆಮ್ಮೆಯಾಗುತ್ತಿತ್ತು.

ಮೊದಲ ಸೀಸೆಗೆ ಗುಣ ಕಂಡಿತು. ಎರಡನೆಯದಕ್ಕೆ ಅಷ್ಟಕ್ಕಷ್ಟೆ. ಮೂರನೆಯದಕ್ಕೆ ಮತ್ತೆ ರಕ್ತ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತು ವರ್ಷ ವರ್ತನೆಯ ಹಾಲು ಕೊಂಡ ಕಣ್ಣು ನನ್ನದು. ನೀರು ಬೆರೆತಿದೆ ಎಂದು ಕೂಡಲೇ ಗೊತ್ತಾಯಿತು.

ಮಂಗಳವಾರದ ಜಗಳ ಅದಕ್ಕೇ. ನಾನು ಕೂಗಾಡಿದೆ. ಕಾಂಪೌಂಡರು ತಿರುಗಿ ಬೈಯಲಿಲ್ಲ. ಹೊಸದಾಗಿ ಸೀಸೆ ತುಂಬಿ, ಅಲ್ಲಾಡಿಸಿ, ನನ್ನ ಮುಖದ ಮುಂದೆಯೇ ಹಿಡಿದ. “ಗಟ್ಟಿಯಾಗೇ ಅದೆ, ನೋಡ್ಕಳಿ ಸಾ. ಇಲ್ಲಿಂದಾಚೆ ಏನಾಯ್ತದೋ ನಾ ಕಾಣೆ” ಎಂದ. ಆ ಮಾತಿಗೂ ನಾನು ಉರಿದೆ. ಸೀಸೆಯನ್ನು ಮನೆಯ ಅಡುಗೆಮನೆಯ ಗೂಡಿನಲ್ಲಿಟ್ಟು ಕಚೇರಿಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಸಿಂಹಾಸನದ ಮೇಲೂ ಕೂರಲಾಗಲಿಲ್ಲ. ರಜೆ ಬರೆದುಕೊಟ್ಟು ಹಿತ್ತಲ ಬಾಗಿಲಿನಿಂದ ಮನೆಗೆ ಬಂದೆ.

ಜಯಮ್ಮ ಗೂಡಿನ ಮುಂದೆ ನಿಂತಿದ್ದಳು. ಕೈಯಲ್ಲಿ ನನ್ನ ಸೀಸೆ. ಲೋಟಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಗಟಕ್ಕನೆ ಕುಡಿದಳು. ಆಮೇಲೆ ಬಿಂದಿಗೆಯಿಂದ ನೀರು ತೆಗೆದು, ಸೀಸೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಾಗದದ ಹಲ್ಲಿಗೆ ಸರಿಯಾಗಿ ಬರುವ ತನಕ ತೊಟ್ಟು ತೊಟ್ಟಾಗಿ ತುಂಬಿದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅವಳು ಬೆಚ್ಚಲಿಲ್ಲ. ಬಿರಡೆ ಹಾಕಿ ಸೀಸೆಯನ್ನು ಗೂಡಿಗಿಟ್ಟಳು. ನನ್ನ ಕಡೆ ತಿರುಗದೆ ಹೇಳಿದಳು:

“ನಂಗೂ ಅದೇ ಕಣ್ರೀ.”

ನಾನು ಹೊಸಿಲ ಮೇಲೆಯೇ ಕೂತುಬಿಟ್ಟೆ. ನೋವಿದ್ದದ್ದೂ ಮರೆತುಹೋಯಿತು. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ದಿನಕ್ಕೆ ಅರ್ಧ ಹಲ್ಲು ಮಾತ್ರ ಕುಡಿಯುತ್ತಿದ್ದಳಂತೆ, ಪೂರ್ತಿ ಕುಡಿದರೆ ನನಗೆ ಸಾಲದೆಂದು. ಸೀಸೆ ಬೇಗ ಖಾಲಿಯಾದರೆ ನಾನು ರೇಗುತ್ತೇನೆಂದು ನೀರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ಗಂಡಸು, ನಿಮ್ಮನ್ನೇ ಆಫೀಸ್ನೋರು ಆಡ್ಕಂಡು ನಗ್ತಾರೆ. ನಾ ಯಾರ್ ತಾವ ಓಗಿ ಏಳ್ಲಿ?” ಎಂದಳು. ಎಷ್ಟು ದಿನದಿಂದ ಎಂದಾಗ, ಸುಮಾರು ದಿನ ಆಯಿತು ಎಂದಷ್ಟೇ ಹೇಳಿ ಒಲೆಯ ಕಡೆ ಹೋದಳು.

ಮಾರನೆಯ ಬೆಳಿಗ್ಗೆ ಹಾಸನದ ರೈಲು ಹತ್ತಿದೆವು. ಅಲ್ಲಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರಿದ್ದಾರೆ. ಡಬ್ಬಿಯಲ್ಲಿ ಸೀಟು ಬೇಕಾದಷ್ಟಿತ್ತು. ಸಿಂಹಾಸನವನ್ನು ಅವಳಿಗೇ ಹಾಕಿಕೊಟ್ಟೆ. ಬೇಡ, ಗಾಳಿ ಬೇಕು ಎಂದು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತಳು. ಎಷ್ಟೋ ಸಲ ಈ ರೈಲಿನಲ್ಲಿ ಜೊತೆಯಾಗಿ ಓಡಾಡಿದ್ದೇವೆ. ಪ್ರತಿ ಸಲವೂ ಅವಳಿಗೆ ಗಾಳಿ ಬೇಕಿತ್ತು. ನನಗೆ ಅದು ಹೊಳೆದದ್ದು ಆವತ್ತೇ.

ಲೇಡಿ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೆಂಬುದೇ ಇರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದರು. ಅಭ್ಯಾಸಬಲ ನೋಡಿ, ಅವಳ ಪರವಾಗಿ ನಾನೇ ಬಾಯಿ ತೆರೆದೆ. ಡಾಕ್ಟರು ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಾಗಿಸಿದರು.

ಜಯಮ್ಮ ಹೇಳಿದಳು: “ಎರಡ್ನೇ ಮಗೀನ ಬಾಣಂತನ್ದಾಗಿಂದ.”

ಎರಡನೇ ಮಗು ಈಗ ಏಳನೇ ಕ್ಲಾಸು.

ಲೆಕ್ಕ ಹಾಕಿಕೊಳ್ಳಿ. ಹನ್ನೆರಡು ವರ್ಷ. ಒಂದೇ ಸೂರು, ಒಂದೇ ಒಲೆ. ನನ್ನ ಮೂರು ವರ್ಷದ ಮೂಲವ್ಯಾಧಿ ಅರಕಲಗೂಡಿನಿಂದ ಚನ್ನರಾಯಪಟ್ಟಣದ ತನಕ ಸುದ್ದಿ. ಅವಳ ಹನ್ನೆರಡು ವರ್ಷದ್ದು ನನಗೇ ಗೊತ್ತಿಲ್ಲ. ನನಗೆಂದು ಸಪ್ಪೆ ಸಾರು ಬೇಯಿಸಿದವಳು ಮನೆಮಂದಿಯ ಖಾರದ ಸಾರಿನಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು.

ನನ್ನನ್ನು ಹೊರಗೆ ಕಳಿಸಿ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಮೇಲೆ ಒಳಗೆ ಕರೆದು, ಮನೆಯಲ್ಲಿ ಕಕ್ಕಸು ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ಬೀದಿಯಲ್ಲಿ ಯಾರ ಮನೆಗೂ ಇಲ್ಲ. ನಾನಾದರೋ ಚೊಂಬು ಹಿಡಿದು ಹೊಳೆಯ ಕಡೆ ಯಾವಾಗ ಬೇಕಾದರೂ ಹೋಗುತ್ತೇನೆ. ಹೆಂಗಸರು ಬೆಳಕು ಹರಿಯುವ ಮುಂಚೆ, ತಪ್ಪಿದರೆ ಕತ್ತಲಾದ ಮೇಲೆ. ನಡುವಿನ ಹೊತ್ತೆಲ್ಲ ತಡೆದುಕೊಳ್ಳಬೇಕು. ಬಾಯಾರಿದರೂ ನೀರು ಕುಡಿಯುತ್ತಿರಲಿಲ್ಲವಂತೆ, ಹಗಲು ಅವಸರವಾದೀತೆಂದು. ಇದನ್ನೂ ನನಗೆ ಡಾಕ್ಟರೇ ಹೇಳಬೇಕಾಯಿತು.

“ಮೈಯಲ್ಲಿ ರಕ್ತ ಇಲ್ಲ. ಇನ್ನೊಂದು ತಿಂಗಳು ಬಿಟ್ಟು ಬಂದಿದ್ರೆ ನಾನು ಯಾವ ಭರವಸೆಯನ್ನೂ ಕೊಡ್ತಿರಲಿಲ್ಲ. ಈಗಲೂ ಪೂರ್ತಿ ಕೊಡೋಲ್ಲ” ಎಂದರು. ಅವತ್ತೇ ಅಡ್ಮಿಟ್ ಮಾಡಿಕೊಂಡರು. ರಕ್ತ ಸೇರಬೇಕು, ಆಮೇಲೆ ಆಪರೇಷನ್. ಬರುವ ಸೋಮವಾರ ಎಂದಿದ್ದಾರೆ. ನನಗೆ ಭಯವಾಗಿದೆ.

ನಡುವೆ ಒಂದು ದಿನ ಬಟ್ಟೆಬರೆ ತರಲು ಊರಿಗೆ ಹೋಗಿದ್ದೆ. ಮೊದಲು ಡಿಸ್ಪೆನ್ಸರಿಗೆ ಹೋಗಿ, ಜನ ಇರುವಾಗಲೇ ಕಾಂಪೌಂಡರಿಗೆ ಕೈಮುಗಿದೆ. ನಡೆದದ್ದನ್ನು ಹೇಳಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ರಿಜಿಸ್ಟರು ತೆರೆದ. “ಇಲ್ಲಿಗೆ ಎಂಗಸ್ರು ಎಲ್ಲಿ ಬತ್ತಾರೆ ಸಾ? ಗಂಡಂದ್ರು ಬತ್ತಾರೆ, ಎಂಡ್ರಿಗೆ ತಲೆನೋವು ಅಂತ ಬರುಸ್ತಾರೆ, ಪುಡಿ ಇಸ್ಕಂಡು ಓಯ್ತಾರೆ. ಈ ಪುಸ್ತಕ ನೋಡುದ್ರೆ ನಮ್ಮೂರ ಎಂಗಸ್ರಿಗೆಲ್ಲ ತಲೆನೋವೊಂದೇ ಕಾಯ್ಲೆ” ಎಂದ.

ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದ. ಜಯಮ್ಮನ ಹೆಸರು. ಇದೇ ವರ್ಷ ಮೂರು ಸಲ. ಮೂರೂ ಸಲ ತಲೆನೋವು. ಮೂರೂ ಸಲ ಬರೆಸಿದವನು ನಾನೇ.

ತಲೆ ಸುತ್ತುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದು ಅವಳು ಹೇಳಿದ್ದು ಆಗ ನೆನಪಾಯಿತು. ರಕ್ತ ಸೋರಿದವರಿಗೆ ತಲೆ ಸುತ್ತದೆ ಇನ್ನೇನಾಗುತ್ತದೆ? ನಾನು ಕಚೇರಿಗೆ ಹೋಗುವ ಅವಸರದಲ್ಲಿ ಬಾಯಿಗೆ ಬಂದದ್ದನ್ನು ಬರೆಸಿ, ಪುಡಿ ತಂದುಕೊಟ್ಟು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುವ ಗಂಡ ಎಂದುಕೊಂಡು ತಿರುಗಿದ್ದೆ. ಔಷಧಕ್ಕೆ ನೀರು ಬೆರೆಸಿದ್ದು ಅವಳು, ನಿಜ. ಅವಳ ಕಾಯಿಲೆಗೆ ಹನ್ನೆರಡು ವರ್ಷ ನೀರು ಬೆರೆಸಿದವನು ಯಾರು?

ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಜಯಮ್ಮ ಮಗ್ಗುಲಾಗಿ ಮಲಗಿದ್ದಾಳೆ. ಸಿಂಹಾಸನ ಈಗ ಅವಳ ಬೆನ್ನಿಗಿದೆ. ಕೂಲಿಯ ಮನೆಯಿಂದಲೂ ಸಂಬಳದ ಮನೆಯಿಂದಲೂ ಬಂದ ಹೆಂಗಸರು ಆ ವಾರ್ಡಿನಲ್ಲಿದ್ದಾರೆ. ಅವರ ಗಂಡಂದಿರು ಹೊರಗೆ ನನ್ನ ಪಕ್ಕದಲ್ಲೇ ಬೀಡಿ ಹಚ್ಚಿಕೊಂಡು ಕೂತಿದ್ದಾರೆ. ಹೆಂಡತಿಗೆ ಏನು ಕಾಯಿಲೆ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ.

ಈ ಪತ್ರಿಕೆ ಕೆಳಗಿಟ್ಟು ಒಮ್ಮೆ ಒಳಗೆ ನೋಡಿ: ನಿಮ್ಮ ಮನೆಯಲ್ಲಿ ಕೂರದೇ ಇರುವವರು ಯಾರು?