ವಂಶಾವಳಿಯಲ್ಲಿ ಒಂದು ಕೆಂಪು ಗೆರೆ

ಆರನೆಯ ತಿಂಗಳ ಆರನೆಯ ದಿನ. ಬೆಟ್ಟದ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹೌ ವಂಶದ ಹಿರೀಕರ ಗುಡಿಯ ಮೆಟ್ಟಿಲ ಮೇಲೆ ಲಿಯಾನ್ ಯೂಗೆನ್ ಆಗಲೇ ಬಂದು ಕುಳಿತಿದ್ದಾರೆ. ವಯಸ್ಸು ಅರವತ್ತೊಂಬತ್ತು. ಹೆಗಲ ಚೀಲದಲ್ಲಿ ಭೂತಗನ್ನಡಿ, ನೀರಿನ ಬಾಟಲಿ, ಬಾಳೆಲೆಯಲ್ಲಿ ಸುತ್ತಿದ ಎರಡು ಅಕ್ಕಿ ಕಡುಬು. ನಡೆದು ಬಂದದ್ದು ಏಳು ಮೈಲಿ, ಅವರ ಕಥೆ ಬರೆದುಕೊಳ್ಳಲು ನಾನೂ ಜೊತೆಗೆ.

ನಮ್ಮ ಕಣಿವೆಯ ವಂಶಾವಳಿ ಪುಸ್ತಕಗಳು ವರ್ಷವೆಲ್ಲ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಮಲಗಿರುತ್ತವೆ. ಬಿಸಿಲಿಗೆ ಹಾಕಲು ಹೊರತೆಗೆಯುವುದು ಈ ಒಂದೇ ದಿನ. ಹೊರಗಿನವನು ನೋಡಬೇಕೆಂದರೆ ಇವತ್ತೇ ನೋಡಬೇಕು, ಇಲ್ಲವೆಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಬೀಗದ ಕೈ ಹಿಡಿದು ಬಂದ ಹಿರಿಯ ಹೌ ದೆಶುಯಿ ಮೆಟ್ಟಿಲ ಬಳಿ ನಿಂತು ನಗುತ್ತಾರೆ.

"ಪುಸ್ತಕ ಒಣಗ್ಸೋಕೆ ನಾವು ಏಳೋದ್ರೊಳಗೆ ನೀನೇ ಬಂದು ಒಣಗ್ತಿದೀಯಲ್ಲೋ ಮೇಸ್ತ್ರಿ. ಇನ್ನೂ ಆ ಮಗೂನೇ ಹುಡುಕ್ತಿದೀಯಾ?"

ಹೌದು, ಅದೇ ಮಗು. ನೂರು ವರ್ಷದ ಹಿಂದೆ ಯಾವುದೋ ಮನೆಯಿಂದ ತಾವ್ ವಂಶಕ್ಕೆ ಸಾಕಲು ಕೊಟ್ಟ ಗಂಡುಮಗು. ಅದು ಹುಟ್ಟಿದ ಮನೆ ಯಾವುದೆಂದು ಇವತ್ತು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಂತೆ ಮಾಡಿದವರು ಲಿಯಾನ್ ಮೇಸ್ತ್ರಿಯೇ.

ವಂಶಾವಳಿ ಅಚ್ಚು ಹಾಕುವುದು ಅವರ ಕಸುಬು. ಮಾವನಿಂದ ಕಲಿತದ್ದು. ಮರದ ತುಂಡಿನಲ್ಲಿ ಒಂದೊಂದೇ ಅಕ್ಷರ ಕೊರೆದು, ಜೋಡಿಸಿ, ಮಸಿ ಬಳಿದು, ಕಾಗದ ಒತ್ತಬೇಕು. ಹರೆಯದಲ್ಲಿ ದಿನಕ್ಕೆ ನೂರಿಪ್ಪತ್ತು ಅಕ್ಷರ ಕೊರೆಯುತ್ತಿದ್ದರಂತೆ, ಈಗ ನಲವತ್ತಕ್ಕೆ ಕಣ್ಣು ಮಂಜಾಗುತ್ತದೆ. ಅಚ್ಚಾದ ಮೇಲೆ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಕೈಯಲ್ಲೇ ಗೆರೆ ಎಳೆಯಬೇಕು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಕೆಂಪು, ತಂದು ಸಾಕಿದ ಮಗನಿಗೆ ನೀಲಿ. ನೀಲಿ ಗೆರೆಯ ಪಕ್ಕದಲ್ಲಿ ಅವನು ಯಾವ ಮನೆಯಿಂದ ಬಂದವನು ಎಂದು ಸಣ್ಣಕ್ಷರದಲ್ಲಿ ನಾಲ್ಕು ಪದ. ಹೆಣ್ಣುಮಕ್ಕಳಿಗೆ ಹಳೆಯ ಪುಸ್ತಕಗಳಲ್ಲಿ ಗೆರೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಆ ಮಾತು ಬೇರೆ.

ಮೂವತ್ತೆಂಟು ವರ್ಷದ ಹಿಂದೆ ತಾವ್ ವಂಶದ ಪುಸ್ತಕ ಹೊಸದಾಗಿ ಅಚ್ಚಾಗುತ್ತಿದ್ದಾಗ ಮಾವ ಜ್ವರ ಬಂದು ಮಲಗಿದರು. ಗೆರೆಯ ಕೆಲಸ ಅಳಿಯನ ಪಾಲಿಗೆ ಬಂತು. ಒಂದು ಮಧ್ಯಾಹ್ನ ತಾವ್ ಗೆನ್‌ಶೆಂಗ್ ಎಂಬ ಎಪ್ಪತ್ತರ ಮುದುಕ ಬಂದು ಮೇಜಿನ ಪಕ್ಕ ನಿಂತ. ಹಳೆಯ ಪುಸ್ತಕದಲ್ಲಿ ಅವನದು ನೀಲಿ ಗೆರೆ. ಮೊಮ್ಮಕ್ಕಳು ಓದು ಕಲಿತಿದ್ದಾರೆ, ನಾಳೆ ಪುಸ್ತಕ ತೆರೆದು ನೋಡುತ್ತಾರೆ, ನನ್ನದೊಂದು ಗೆರೆ ಕೆಂಪು ಮಾಡಿಬಿಡಪ್ಪಾ ಎಂದು ಬೇಡಿಕೊಂಡ.

"ಕಣ್ಣಲ್ಲಿ ನೀರಿತ್ತು. ಅಯ್ಯೋ ಪಾಪ ಅನ್ನಿಸ್ತು. ಹಿರಿಯರನ್ನ ಕೇಳ್ಲಿಲ್ಲ, ಮಾವನಿಗೂ ಹೇಳ್ಲಿಲ್ಲ. ಕೆಂಪು ಎಳೆದೆ, ಸಣ್ಣಕ್ಷರ ಬಿಟ್ಟೆ. ಏನೋ ಪುಣ್ಯ ಕಟ್ಕೊಂಡೆ ಅಂತ ಆವತ್ತು ಚೆನ್ನಾಗಿ ನಿದ್ದೆ ಬಂತು" ಎನ್ನುತ್ತಾರೆ ಮೇಸ್ತ್ರಿ.

ಹೊಸ ಪುಸ್ತಕ ಬಂದ ದಿನ ಹಳೆಯ ಪ್ರತಿಗಳನ್ನೆಲ್ಲ ಗುಡಿಯ ಅಂಗಳದಲ್ಲಿ ಸುಡುವುದು ಇಲ್ಲಿಯ ಪದ್ಧತಿ. ಎರಡು ಪುಸ್ತಕವಿದ್ದರೆ ಎರಡು ಮಾತಾಗುತ್ತದೆ, ಜಗಳವಾಗುತ್ತದೆ ಎಂದು. ಆ ನಾಲ್ಕು ಪದವೂ ಬೂದಿಯಾಯಿತು. ಆ ಪುಟದಲ್ಲಿ ಹುಳು ಎಲ್ಲಿ ತಿಂದಿತ್ತು, ಐದು ವರ್ಷದ ಮಗುವನ್ನು ತಂದದ್ದು ಯಾವ ವರ್ಷ ಎಂಬುದು ಮೇಸ್ತ್ರಿಗೆ ಇವತ್ತಿಗೂ ನೆನಪಿದೆ. ಅಳಿಸಿದ ಮನೆತನದ ಹೆಸರು ಮಾತ್ರ ನೆನಪಿಲ್ಲ.

ಅವರು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ತಾವ್ ವಂಶದವರು ಮತ್ತೆ ಹೊಸ ಪುಸ್ತಕಕ್ಕೆಂದು ಕರೆದಾಗ ತಾವೇ ಎಳೆದ ಗೆರೆ ಕಣ್ಣಿಗೆ ಬಿತ್ತು. ಗೆನ್‌ಶೆಂಗ್‌ನ ಮಕ್ಕಳಲ್ಲಿ ಉಳಿದಿರುವವಳು ಮಗಳು ಸುಯಿಂಗ್ ಒಬ್ಬಳೇ, ಎಪ್ಪತ್ತೆಂಟರ ಮುದುಕಿ. ಮೇಸ್ತ್ರಿ ಅವಳ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದರು. ಅವಳು ಬೈಯಲಿಲ್ಲ.

"ಹಂಗಾದ್ರೆ ಅಪ್ಪ ಬಡಬಡಿಸಿದ್ದಲ್ಲ" ಎಂದಳು.

ಗೆನ್‌ಶೆಂಗ್ ಕೊನೆಯ ವರ್ಷ ತನ್ನ ಮನೆಯಲ್ಲೇ ಕುಳಿತು ಸಂಜೆಯಾದರೆ ಮನೆಗೆ ಕರ್ಕೊಂಡು ಹೋಗಿ, ಅವ್ವ ಕಾಯ್ತಿರ್ತಾಳೆ ಎಂದು ಹಟ ಹಿಡಿಯುತ್ತಿದ್ದನಂತೆ. ಅರಳುಮರಳು ಎಂದುಕೊಂಡರು. ಕೆಂಪು ಗೆರೆಗೆ ಕೈಮುಗಿದವನೇ ಕೊನೆಗೆ ಆ ಇನ್ನೊಂದು ಮನೆಯನ್ನು ಕರೆದ. ಆ ಮನೆ ಯಾವುದೆಂದು ತಿಳಿದರೆ ಸಮಾಧಿ ಗುಡಿಸುವ ಹಬ್ಬದಲ್ಲಿ ಆ ತಾಯಿಯ ಗೋರಿಗೆ ಅಪ್ಪನ ಪರವಾಗಿ ಒಂದು ಬಟ್ಟಲು ಅನ್ನ ಇಡಬೇಕೆಂಬುದು ಸುಯಿಂಗ್ ಆಸೆ. ತನ್ನ ಕಾಲು ನಡೆಯುತ್ತಿರುವಾಗಲೇ.

ಮಗು ಕೊಟ್ಟ ಮನೆಯವರೂ ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆದಿರುತ್ತಾರೆ. ಅದೊಂದೇ ಭರವಸೆ. ನಾಲ್ಕು ವರ್ಷದಲ್ಲಿ, ವರ್ಷಕ್ಕೊಂದು ದಿನದಂತೆ, ಮೇಸ್ತ್ರಿ ನೋಡಿದ್ದು ಒಂಬತ್ತು ವಂಶದ ಪುಸ್ತಕ. ಕೆಳಗಿನ ಹೊಳೆದಂಡೆಯ ಮೆಯಿ ವಂಶದಲ್ಲಿ, ಮಗುವನ್ನು ತಂದ ವರ್ಷದ್ದೇ ಒಂದು ಸಾಲು ಸಿಕ್ಕಿತು: ಮೂರನೆಯ ಮಗ, ತಾವ್ ಮನೆಗೆ ಕೊಟ್ಟದ್ದು. ಮೇಲಿನ ಗುಡ್ಡದ ಜೀ ವಂಶದಲ್ಲೂ ಅದೇ ವರ್ಷ ಅಂಥದ್ದೇ ಸಾಲು. ತಾವ್ ಮನೆತನದವರು ಈ ಕಣಿವೆಯ ಐದು ಊರಲ್ಲಿದ್ದಾರೆ, ಯಾವ ತಾವ್ ಎಂದು ಇಬ್ಬರೂ ಬರೆದಿಲ್ಲ. ಉಳಿದದ್ದು ಹೌ ವಂಶ. ಇಲ್ಲಾದರೂ ಊರಿನ ಹೆಸರು ಇರಬಹುದೆಂದು ಅವರು ಬಂದಿದ್ದಾರೆ.

ಹತ್ತು ಗಂಟೆಯ ಹೊತ್ತಿಗೆ ಬಿದಿರ ಚಾಪೆಯ ಮೇಲೆ ಹದಿನಾಲ್ಕು ಸಂಪುಟ ಹರಡಿವೆ. ಮೇಸ್ತ್ರಿ ಮಂಡಿಯೂರಿ ಒಂದೊಂದೇ ಪುಟ ತಿರುವುತ್ತಾರೆ. ಹನ್ನೊಂದನೆಯ ಸಂಪುಟದಲ್ಲಿ ಬೆರಳು ನಿಲ್ಲುತ್ತದೆ. ಎರಡನೆಯ ಮಗ, ಅದೇ ವರ್ಷ, ತಾವ್ ಮನೆಗೆ ಕೊಟ್ಟದ್ದು. ಅಷ್ಟೇ ಇದೆ, ಊರಿಲ್ಲ. ಅವರು ಭೂತಗನ್ನಡಿ ಕೆಳಗಿಟ್ಟು ಮುಖ ಒರೆಸಿಕೊಳ್ಳುತ್ತಾರೆ. ಆ ವರ್ಷ ಈ ಬೆಟ್ಟಗಳಲ್ಲಿ ಎಷ್ಟು ಮಕ್ಕಳನ್ನು ಕೊಟ್ಟುಬಿಟ್ಟರೋ.

ಸಂಜೆ ಸುಯಿಂಗ್ ಮನೆಗೆ ಇಬ್ಬರೂ ಹೋಗುತ್ತೇವೆ. ಅವಳು ಗೆಣಸಿನ ಶಾವಿಗೆ ಬಡಿಸುತ್ತಾಳೆ. ಮೇಸ್ತ್ರಿ ಬಟ್ಟಲು ಮುಟ್ಟದೆ ಮೂರು ಮನೆಯ ವಿಷಯ ಹೇಳುತ್ತಾರೆ. ಒಂದು ಹೊಳೆಯ ಕೆಳಗೆ, ಒಂದು ಗುಡ್ಡದ ಮೇಲೆ, ಒಂದು ಕಣಿವೆಯ ಆಚೆ. ಆಮೇಲೆ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಕೇಳುತ್ತಾರೆ.

"ಅಕ್ಕಾ, ಮನೆಗೆ ಹೋಗ್ಬೇಕು ಅಂತಿದ್ರಲ್ಲ ನಿಮ್ಮಪ್ಪ, ಆಗ ಯಾವ ಕಡೆ ಕೈ ತೋರಿಸ್ತಿದ್ರು?"

ಸುಯಿಂಗ್ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಲ್ಲುತ್ತದೆ.

"ತೋರಿಸ್ತಿದ್ದ" ಎನ್ನುತ್ತಾಳೆ. "ದಿನಾ ತೋರಿಸ್ತಿದ್ದ. ಎದ್ದು ಹೋಗಿಬಿಡ್ತಾನೆ ಅಂತ ನಾನು ಬಾಗ್ಲು ಹಾಕಿ ಕೈ ಹಿಡಿದು ಕೂರಿಸಿಬಿಡ್ತಿದ್ದೆ. ಯಾವ ಕಡೆ ಅಂತ ನೋಡ್ಲೇ ಇಲ್ಲ ತಮ್ಮಾ."

ವಾಪಸ್ ಬರುವಾಗ ಮೇಸ್ತ್ರಿ ಮುಂದೆ, ನಾನು ಹಿಂದೆ. ಇನ್ನೂ ಅಚ್ಚು ಮುಗಿಯದ ಹೊಸ ಪುಸ್ತಕದಲ್ಲಿ ಆ ಗೆರೆಗೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ನೀಲಿ ಎಳೀತೀನಿ. ಅಕ್ಕ ಒಪ್ಪಿದಾಳೆ. ಪಕ್ಕದಲ್ಲಿ ನಾಲ್ಕು ಪದದ ಜಾಗ ಖಾಲಿ ಬಿಡ್ತೀನಿ, ಯಾವತ್ತಾದ್ರೂ ಯಾರಾದ್ರೂ ತುಂಬಲಿ" ಎನ್ನುತ್ತಾರೆ. ಮತ್ತೆ ಹತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ.

"ಇವತ್ತಿನವರೆಗೂ ತಪ್ಪು ನನ್ನೊಬ್ಬಂದೇ ಆಗಿತ್ತು. ಯಾವ ಕಡೆ ಅಂತ ಅಕ್ಕನ್ನ ನಾನು ಕೇಳ್ಬಾರ್ದಿತ್ತು."