ಕಾಕಾ ನೋಡಿದ ಕಾಯಿಲ್

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು, ದಪ್ಪವಾಗಿತ್ತು, ತುದಿ ಸದಾ ಬೆಳ್ಳಗಿರುತ್ತಿತ್ತು. ಯಾರ ಮನೆಗೆ ಹೋದರೂ ಕೈಕಾಲು ತೊಳೆಯುವ ನೆಪದಲ್ಲಿ ಮೊದಲು ನಳದ ಹತ್ತಿರ ಹೋಗುವರು. ಅದರ ಬಾಯಿಗೆ ಕಟ್ಟಿದ ಸುಣ್ಣವನ್ನು ಆ ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡುವರು. ಕುರ್ಚಿ, ಚಹಾ, ಊರಿನ ಸುದ್ದಿ ಎಲ್ಲ ಆಮೇಲೆ.

ವಿದ್ಯಾನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಬ್ಯಾಂಕಿನಿಂದ ನಿವೃತ್ತರಾದವರು. ಬಂಧು-ಬಳಗ ಏನೂ ಅಲ್ಲ, ಆದರೆ ನಾನು ಮಾತು ಕಲಿತಾಗಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ನಮ್ಮ ಓಣಿಗೆ ಹೊಳೆಯ ನೀರು ಬಿಟ್ಟ ದಿನ ಹಬ್ಬವಿದ್ದಂತೆ. ಉಳಿದ ದಿನ ಬೋರಿನ ಸವಳು ನೀರೇ ಗತಿ. ಆ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ತೊಗರಿಬೇಳೆ ಬೇಯುವುದಿಲ್ಲ, ಸ್ಟೀಲಿನ ಚರಿಗೆಯ ಮೇಲೆ ಬಿಳಿ ಕಲೆ ಹೋಗುವುದಿಲ್ಲ.

ಎಲ್ಲರೂ ಇದನ್ನು ಹಣೆಬರಹವೆಂದು ಸುಮ್ಮನಿದ್ದರೆ ಕಾಕಾ ಮಾತ್ರ ಹಗೆ ಸಾಧಿಸಿದರು. ಅದಕ್ಕೆ ಕಾರಣ ಅವರ ವಾಷಿಂಗ್ ಮಷೀನು. ಓಣಿಗೆ ಮೊದಲು ಮಷೀನು ತಂದವರು ಅವರೇ. ಕುಂಕುಮ ಹಚ್ಚಿ ಪೂಜೆಯನ್ನೂ ಮಾಡಿಸಿದ್ದರು. ಬೋರಿನ ನೀರು ಕುಡಿದು ಕುಡಿದು ಅದರ ಒಳಗೆಲ್ಲ ಸುಣ್ಣ ಕಟ್ಟಿತು, ಬಟ್ಟೆಗಳು ಬೂದಿಬಣ್ಣಕ್ಕೆ ತಿರುಗಿದವು, ಕೊನೆಗೊಂದು ದಿನ ಮಷೀನು ನಿಂತೇಹೋಯಿತು. ಕಾಕು ಅದರ ಡ್ರಮ್ಮಿನಲ್ಲಿ ಉಳ್ಳಾಗಡ್ಡಿ ತುಂಬಿಟ್ಟರು. ಸುತ್ತಲೂ ತೂತುಗಳಿವೆ, ಗಾಳಿಯಾಡುತ್ತದೆ, ಒಂದೂ ಕೊಳೆಯುವುದಿಲ್ಲ, ಇಷ್ಟು ತುಟ್ಟಿಯ ಬುಟ್ಟಿ ಹುಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿದೆ ಎಂದು ಬಂದವರಿಗೆಲ್ಲ ಹೇಳಿ ಗಂಡನನ್ನು ಕಾಡಿಸುತ್ತಿದ್ದರು. ಕಾಕಾ ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ.

ಅಂದಿನಿಂದ ಅವರ ಭಾನುವಾರಗಳೆಲ್ಲ ಸುಣ್ಣ ಬಿಡಿಸುವುದಕ್ಕೆ ಮೀಸಲು. ಹಿಂಡಿದ ಲಿಂಬೆಹಣ್ಣಿನ ಸಿಪ್ಪೆ ಯಾರೂ ಚೆಲ್ಲುವಂತಿರಲಿಲ್ಲ, ಎಲ್ಲ ಅವರಿಗೇ ಸೇರಬೇಕು. ಜೊತೆಗೆ ವಿನೆಗರ್ ಬಾಟಲಿ ಹಿಡಿದು ಮನೆಮನೆಗೆ ಹೋಗಿ ಕೆಟಲ್ಲು, ಇಸ್ತ್ರಿಪೆಟ್ಟಿಗೆ, ಶವರಿನ ತಲೆ ಎಲ್ಲವನ್ನೂ ಬಿಚ್ಚಿಸಿ ನೆನೆಹಾಕುವರು. ಒಮ್ಮೆ ನಮ್ಮ ಕೆಟಲ್ಲಿನಲ್ಲಿ ವಿನೆಗರ್ ತುಂಬಿ ಮಾತಿಗೆ ಕೂತು ಮರೆತೇ ಹೋದರು. ಅಪ್ಪ ಅದನ್ನೇ ಕಾಯಿಸಿ ಚಹಾಕ್ಕೆ ಹಾಕಿದ್ದರಿಂದ ಹಾಲು ಒಡೆದು ಗಡ್ಡೆಗಡ್ಡೆಯಾಯಿತು. ಕಾಕಾ ಪಾತ್ರೆಯೊಳಗೆ ಬಗ್ಗಿ ನೋಡಿ, ಹಾಲು ನಿನ್ನೆಯದಿರಬೇಕು ಎಂದರು. ಅವ್ವ ಆ ಹೊತ್ತಿಗೆ ಸಿಡುಕಿದರೂ, ನೀರಿನ ವಿಷಯದಲ್ಲಿ ಕಾಕಾ ಹೇಳಿದ್ದೇ ಅವಳಿಗೆ ಕೊನೆಯ ಮಾತು.

ಹಾಗೆ ನಂಬಿದ್ದರಿಂದಲೇ ನನ್ನ ಮದುವೆ ಆಯಿತು.

ಕೇಶ್ವಾಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ನೋಡಲು ಬಂದ ದಿನವೇ ನನ್ನ ಮನಸ್ಸಿಗೆ ಬಂದಿದ್ದ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದು ನಗುತ್ತ ಹೇಳಿದ್ದ. ಅದಕ್ಕೇ ಇಷ್ಟವಾಗಿದ್ದ. ಆಮೇಲೆ ನಮ್ಮ ಕಡೆಯ ರೂಢಿಯಂತೆ ಹಿರಿಯರು ಹುಡುಗನ ಮನೆ ನೋಡಿ ಬರಲು ಹೋದರು. ಅಪ್ಪ, ಅವ್ವ, ಅವರ ಜೊತೆಗೆ ಕಾಕಾ. ನಾನು ಮನೆಯಲ್ಲಿ ಒಬ್ಬಳೇ ಚಡಪಡಿಸುತ್ತಿದ್ದೆ.

ಅವ್ವ ತಿರುಗಿ ಬಂದವಳೇ ಸೆರಗಿನಿಂದ ಮುಖ ಒರೆಸಿಕೊಂಡು, ಈ ಸಂಬಂಧ ಬೇಡ ಎಂದಳು. ಜನ ಒಳ್ಳೆಯವರೇ, ಆದರೆ ನೀರು ನಮ್ಮದಕ್ಕಿಂತ ಕೆಟ್ಟದ್ದು. ಕುಡಿಯಲು ಕೊಟ್ಟ ಗ್ಲಾಸು ಕೂಡ ಮಬ್ಬಾಗಿತ್ತು. ಸಾಯುವವರೆಗೂ ಮಗಳು ಅದರಲ್ಲಿ ತಲೆ ತೊಳೆದು, ಬಟ್ಟೆ ಒಗೆದು, ಬೇಳೆ ಕುದಿಸುತ್ತ ಕೂಡಬೇಕೇನು ಎಂದು ಕೇಳಿದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಳು ಬಂತು.

ಆಗ ಕಾಕಾ ಅವ್ವನ ಕಡೆ ತಿರುಗಿ ಬಾಯಿ ಬಿಟ್ಟರು. "ವೈನಿ, ನಾ ಬಚ್ಚಲದಾಗ ಹೋಗಿ ನೀರು ಕಾಸೂ ಕಾಯಿಲ್ ನೋಡೇನ್ರಿ. ಉಗುರಿಲೆ ಕೆರದ್ರ ಒಂದು ಚೂರು ಸುಣ್ಣ ಇಲ್ಲ. ಇಂಥಾ ನೀರಾಗ ಕಾಯಿಲ್ ಇಷ್ಟು ಜ್ವಾಕಿ ಮಾಡವ್ರು ಹುಡುಗೀನ ಬಿಡ್ತಾರೇನ್ರಿ? ಕಣ್ಣು ಮುಚ್ಚಿ ಕೊಡ್ರಿ."

ಅವ್ವ ಅವರ ಬಿಳಿ ಉಗುರನ್ನೇ ಬಹಳ ಹೊತ್ತು ನೋಡಿದಳು. ಮರುದಿನ ಹೂಂ ಅಂದಳು.

ಮದುವೆಗೆ ಕಾಕಾ ಕೊಟ್ಟ ಆಹೇರಿಯ ಪೊಟ್ಟಣ ಬಿಚ್ಚಿದರೆ ಅದರಲ್ಲೂ ಒಂದು ಕಾಯಿಲ್. ಥಳಥಳ ಹೊಳೆಯುತ್ತಿತ್ತು. ಬಳಗದವರೆಲ್ಲ ನಕ್ಕರು. ಮದುವೆಯಾಗಿ ಸ್ವಲ್ಪ ದಿನಕ್ಕೆ ಅತ್ತೆಯವರು ಮಾತಿನ ನಡುವೆ, ಬಚ್ಚಲಿನ ಕಾಯಿಲ್ ನಿಮ್ಮವರು ಬರುತ್ತಾರೆಂದು ಹಿಂದಿನ ದಿನ ಹೊಸದಾಗಿ ತಂದದ್ದು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಕಾಕಾ ಮೋಸಹೋದರಲ್ಲ ಎಂದುಕೊಂಡೆ. ಅವರ ಮನಸ್ಸು ನೋಯಿಸುವುದೇಕೆ ಎಂದು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಕಾಕಾ ಹಾಸಿಗೆ ಹಿಡಿದರು. ನೋಡಲು ಹೋದಾಗ ಆ ಉಗುರು ಇರಲಿಲ್ಲ. ದವಾಖಾನೆಯಲ್ಲಿ ಕತ್ತರಿಸಿಬಿಟ್ಟಿದ್ದರು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಅವರನ್ನು ನಗಿಸಬೇಕೆಂದು ಆ ಹಳೆಯ ಗುಟ್ಟನ್ನು ಹೇಳಿ, ಅವತ್ತು ನೀವು ಸೋತಿದ್ದಿರಿ ಕಾಕಾ ಎಂದೆ.

"ಹೊಸಾದು ಯಾವುದು, ತೊಳದದ್ದು ಯಾವುದು ಅಂತ ನನಗ ತಿಳಿಯೂದಿಲ್ಲೇನವಾ?" ಎಂದರು. ಉಸಿರು ತೆಗೆದುಕೊಂಡು ಮೆಲ್ಲಗೆ ಮುಂದುವರಿಸಿದರು. "ಯಾರು ತೊಳೀತೀರಿ ಇದನ್ನ ಅಂತ ಹುಡುಗಗ ಕೇಳಿದೆ. ಯಾರೂ ತೊಳಿಯಂಗಿಲ್ರಿ, ನೀವು ಬರ್ತೀರಂತ ನಿನ್ನೆ ತಂದೇನಿ, ಹಳೇದು ಅಟ್ಟದ ಮ್ಯಾಲೆ ಐತಿ, ತೋರಸ್ಲೇನ್ರಿ ಅಂದ. ಹೆಣ್ಣಿನ ಕಡಿಯವ್ರ ಮುಂದ ಯಾರವಾ ಹಿಂಗ ಹೇಳ್ತಾರ? ಅವತ್ತ ನಿನ್ನ ಚಿಂತಿ ಬಿಟ್ಟೆ ನಾನು. ನಿಮ್ಮವ್ವನ ಚಿಂತಿ ನೀರಿಂದು. ಹುಡುಗನ ಗುಣ ಹೇಳಿದ್ರ ಕೇಳತಿದ್ದಿಲ್ಲ. ಅದಕ್ಕ ಕಾಯಿಲ್ ಸುದ್ದಿ ಹೇಳಿದೆ."

ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ನಕ್ಕು ಒಪ್ಪಿಕೊಂಡರು. ಕಾಕಾ ಅವತ್ತು ಅಟ್ಟದಿಂದ ಆ ಹಳೆಯ ಕಾಯಿಲ್ ಇಳಿಸಿಕೊಂಡು, ಪೇಪರಿನಲ್ಲಿ ಸುತ್ತಿ, ಯಾರಿಗೂ ಹೇಳಬೇಡ ಎಂದು ಒಯ್ದಿದ್ದರಂತೆ. ಸುಣ್ಣ ಬಿಡಿಸಿ, ಬೆಳಗಿ, ಆಹೇರಿ ಮಾಡಿ ನಮಗೇ ತಿರುಗಿ ಕೊಟ್ಟದ್ದು ಅದನ್ನೇ.

ಮುಂದಿನ ಯುಗಾದಿಗೆ ಮೊದಲೇ ಕಾಕಾ ತೀರಿಕೊಂಡರು. ಕಾಕು ಇಂದಿಗೂ ಮಷೀನಿನ ಡ್ರಮ್ಮಿನಿಂದಲೇ ಉಳ್ಳಾಗಡ್ಡಿ ತೆಗೆಯುತ್ತಾರೆ. ಅದನ್ನು ಗುಜರಿಗೆ ಹಾಕೋಣವೇ ಎಂದರೆ ಸಿಟ್ಟಾಗುತ್ತಾರೆ. ನಮ್ಮ ಮನೆಯಲ್ಲಿ ಈಗ ಗೀಸರ್ ಇದೆ. ಅದು ಸುಣ್ಣ ಕಟ್ಟಿ ಕೆಟ್ಟಾಗಲೆಲ್ಲ ಆಹೇರಿಯ ಕಾಯಿಲ್ ಹೊರಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಗಂಡ ಅದನ್ನು ಲಿಂಬೆಸಿಪ್ಪೆಯ ನೀರಿನಲ್ಲಿ ನೆನೆಹಾಕಿ, ಒರೆಸಿ, ಮೊಳೆಗೆ ತೂಗುಹಾಕುತ್ತಾರೆ.

ಬಳಗದಲ್ಲಿ ಹೆಣ್ಣುಮಕ್ಕಳಿಗೆ ವರ ನೋಡುವವರಿಗೆಲ್ಲ ಅವ್ವ ಈಗಲೂ ಒಂದೇ ಬುದ್ಧಿ ಹೇಳುತ್ತಾಳೆ. "ಬಂಗಾರ ನೋಡಬ್ಯಾಡ್ರಿ, ಬಚ್ಚಲದಾಗಿನ ಕಾಯಿಲ್ ನೋಡ್ರಿ. ನಮ್ಮ ಹುಡುಗೀನ ಹಂಗ ಕೊಟ್ಟೇವಿ, ಆರಾಮ ಅದಾಳ."

ಹೇಳಿ ನನ್ನ ಕಡೆ ನೋಡುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಕಾಕಾ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಈಗ ನಾನು ಇಟ್ಟುಕೊಂಡಿದ್ದೇನೆ. ಅವರ ಋಣ ತೀರಿಸಲು ನನ್ನಿಂದ ಆಗುವುದು ಅಷ್ಟೇ.