ಹಾರಲೆಂದೇ ಕಟ್ಟಿದ ಜಗಲಿ

ಫೋರ್ಟ್ ಕೊಚ್ಚಿಯ ಬೋಟುಕಟ್ಟೆಯಲ್ಲಿ ಮೊನ್ನೆ ಬೆಳಿಗ್ಗೆ ಇದ್ದವರು ಒಬ್ಬ ನರ್ಸಮ್ಮ, ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು ಪ್ರವಾಸಿಗರು ಮತ್ತು ಬ್ಯಾಂಕಿಗೆ ಹೊರಟ ನಾನು. ಒಂದು ಗಾಳಿ ಬೀಸಿತು ನೋಡಿ, ನನ್ನ ಕೊಡೆ ಮಗುಚಿ ಹೂವಿನಂತೆ ಆಕಾಶಕ್ಕೆ ಅರಳಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ. ಯಾಕೆಂದು ಹೇಳುತ್ತೇನೆ.

ನಾನು ತಿರುವನಂತಪುರದ ಶಾಖೆಯಲ್ಲಿದ್ದಾಗ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಕಟ್ಟಡದ ಎಂಜಿನಿಯರ್. ನಮಗೆ ಮೀನು ತರುತ್ತಿದ್ದ ತುಂಬಾ ಎಂಬ ಕಡಲತಡಿಯ ಊರಿನ ಫಿಲೋಮಿನಾ ಚೇಚಿಯ ಮನೆಯ ಮಾಡನ್ನು ಒಂದು ಚಂಡಮಾರುತ ಹೊತ್ತೊಯ್ದಿತ್ತು. ಇನ್ನೊಮ್ಮೆ ಹಾರಿದರೆ ಕಡಲು ಬಿಟ್ಟು ಊರೊಳಗಿನ ಫ್ಲಾಟಿಗೆ ಹೋಗುವುದೆಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಕಡಲಿನ ಸದ್ದಿಲ್ಲದೆ ನಿದ್ದೆ ಬಾರದ ಹೆಂಗಸು ಅವಳು. ಹೊಸ ಮನೆಗೆ ನಕ್ಷೆ ಬರೆಯಲು ಅಕ್ಕನನ್ನೇ ಹಿಡಿದಳು.

ಅಕ್ಕ ನಾಲ್ಕೂ ಕಡೆ ಇಳಿಜಾರಿನ ತಗ್ಗು ಮಾಡು ಬರೆದಳು. ಮಾಡನ್ನು ಗೋಡೆಗೆ, ಗೋಡೆಯನ್ನು ಅಡಿಪಾಯಕ್ಕೆ ಕಬ್ಬಿಣದ ಪಟ್ಟಿಗಳಿಂದ ಬಿಗಿಸಿದಳು. ನೆರೆಮನೆಯ ಅಂದ್ರೋಸ್ ಬೇಲಿಯಾಚೆಯಿಂದ ಕೂಗಿದ: "ಮೇಡಂ, ಒಂದು ಲಂಗರನ್ನೂ ಇಡಿ! ಮೀನಿಗೆ ದೋಣಿಯ ಬದಲು ಇದನ್ನೇ ನೂಕಿಕೊಂಡು ಹೋಗ್ತೇವೆ!"

ಜಗಳ ಹುಟ್ಟಿದ್ದು ಜಗಲಿಗೆ. ಅಕ್ಕ ಜಗಲಿಯೇ ಬೇಡವೆಂದಳು. "ಜಗಲಿ ಇಲ್ಲದೆ ಬಲೆ ಎಲ್ಲಿ ಹೆಣೆಯಲಿ ಮೋಳೇ, ನಿನ್ನ ತಲೆಯ ಮೇಲಾ?" ಎಂದಳು ಚೇಚಿ; ಅಕ್ಕ ಅವಳಿಗೆ ಮೋಳ್, ಅಂದರೆ ಮಗಳು. ನನ್ನ ಕೆಲಸ ಅಕ್ಕನಿಗೆ ಕೊಡೆ ಹಿಡಿಯುವುದು. ಬ್ಯಾಂಕಿನವನಿಂದ ಅದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಕಡಲಗಾಳಿ ಬೀಸಿ ಕೊಡೆ ಮಗುಚಿತು. ಅಕ್ಕ ಅದನ್ನು ಕಸಿದು ಚೇಚಿಯ ಮುಂದೆ ಹಿಡಿದಳು. "ನೋಡಿ ಚೇಚಿ, ಗಾಳಿ ಅಡಿಯಿಂದ ಎತ್ತುವುದು ಹೀಗೆ. ಜಗಲಿಯ ಮಾಡು ಎದ್ದರೆ ಮನೆಯ ಮಾಡನ್ನೂ ಎಳೆದುಕೊಂಡೇ ಹೋಗ್ತದೆ."

ಚೇಚಿ ಕೊಡೆಯನ್ನು ನೋಡಿದಳು, ನನ್ನ ಬೋಳುತಲೆಯನ್ನು ನೋಡಿದಳು. "ಕೊಡೆ ಹೋದರೂ ಸಾರ್ ತಲೆ ಅಲ್ಲೇ ಉಂಟಲ್ಲ? ಎರಡಕ್ಕೂ ಗಂಟು ಹಾಕಬೇಡ, ಅಷ್ಟೇ."

ಅಕ್ಕ ನಕ್ಕುಬಿಟ್ಟಳು. ಜಗಲಿಗೆ ಬೇರೆಯದೇ ಕಂಬ, ಬೇರೆಯದೇ ಮಾಡು ಬಂತು. ಮನೆಗೂ ಅದಕ್ಕೂ ನಂಟಿಲ್ಲ.

ಮುಂದೊಂದು ಮಧ್ಯಾಹ್ನ ಗಾಳಿ ಬಂದೇ ಬಂತು. ಕರಾವಳಿಯವರನ್ನೆಲ್ಲ ಮೊದಲೇ ಶಾಲೆಗೆ ಸಾಗಿಸಿದ್ದರು. ಗಾಳಿ ಇಳಿದದ್ದೇ ನಾವೂ ಹೋದೆವು. ಇಗರ್ಜಿಯ ಮೆಟ್ಟಿಲ ಮೇಲೆ ಮಾಡಿಗೆ ಹೊದಿಸುವ ನೀಲಿ ಶೀಟುಗಳು ಬಿದ್ದಿದ್ದವು. ಅವು ಚೇಚಿಯವೇ. ಅಕ್ಕ ನನ್ನ ತೋಳು ಹಿಡಿದಳು; ಉಗುರು ನಾಟಿತು.

ತಿರುವು ದಾಟಿದರೆ ಮನೆ ನಿಂತಿತ್ತು! ಮನೆಯ ಮಾಡಿನ ಒಂದು ಶೀಟೂ ಕದಲಿರಲಿಲ್ಲ. ಜಗಲಿಯ ಕಂಬಗಳು ಮಾತ್ರ ಬೋಳಾಗಿದ್ದವು. ಅವುಗಳ ನಡುವೆ ಚೇಚಿ ಎರಡೂ ಕೈ ಎತ್ತಿ ಕೂಗುತ್ತಿದ್ದಳು: "ಕೊಡೆ ಹೋಯಿತು ಮೋಳೇ, ತಲೆ ಉಳಿಯಿತು!"

ಸಂಜೆಯೊಳಗೆ ಮಾಡು ಹಾರಿಹೋಗಿದ್ದ ಅಂದ್ರೋಸ್‌ನ ಸಂಸಾರವೂ ಅಲ್ಲೇ ಗಂಜಿ ಉಣ್ಣುತ್ತಿತ್ತು. "ಲಂಗರು ಹಾಕಿದ್ದಾಯ್ತಾ?" ಎಂದು ಚೇಚಿ ಕೇಳಿ ಕೇಳಿ ಬಡಿಸಿದಳು.

ಮೊನ್ನೆ ಬೋಟುಕಟ್ಟೆಯಿಂದಲೇ ಅಕ್ಕನಿಗೆ ಫೋನು ಮಾಡಿ ಕೊಡೆಯ ಸುದ್ದಿ ಹೇಳಿದೆ. "ಬಿಸಾಡಬೇಡ ಮಾರಾಯ," ಎಂದಳು. "ಅಂದ್ರೋಸ್ ಹೊಸ ಮನೆ ಕಟ್ಟಿಸ್ತಾನಂತೆ. ಅವನ ಹೆಂಡತಿಗೆ ಜಗಲಿ ಬೇಕಂತೆ. ಭಾನುವಾರ ಕೊಡೆ ಹಿಡಿದು ಬಾ, ಅವರಿಗೂ ತೋರಿಸಬೇಕು."

ಭಾನುವಾರ ತುಂಬಾದ ಮರಳಿನ ಮೇಲೆ ನಿಂತು, ಎಲ್ಲರ ಎದುರು ಕೊಡೆ ಬಿಚ್ಚಿದೆ. ಗಾಳಿ ಬಂತು, ಕೊಡೆ ಮಗುಚಿತು. ಮೊದಲು ಚಪ್ಪಾಳೆ ತಟ್ಟಿದವನು ಅಂದ್ರೋಸ್.